ಎಸಿಎಂ ಕಟ್ಟಿದವರು ಯಾರು, ಅದರ ಸದಸ್ಯತ್ವದಿಂದ ಸಿಗುವುದೇನು?

ಪ್ರಶ್ನೆ: ಹಾಸನ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಸಹಾಯಕ ಪ್ರಾಧ್ಯಾಪಕಿಯಾಗಿದ್ದೇನೆ. ನಮ್ಮ ವಿಭಾಗದಲ್ಲಿ ಎಸಿಎಂ (ಅಸೋಸಿಯೇಶನ್ ಫಾರ್ ಕಂಪ್ಯೂಟಿಂಗ್ ಮಶಿನರಿ ಎಂಬ ಅಮೆರಿಕ ಮೂಲದ ಕಂಪ್ಯೂಟರ್ ಸಂಘ) ವಿದ್ಯಾರ್ಥಿ ಘಟಕ ತೆರೆಯುವ ಮಾತು ನಡೆದಿದೆ. ಉದ್ಘಾಟನೆಯ ದಿನ ಹಂಚಲು ಆ ಸಂಸ್ಥೆಯ ಇತಿಹಾಸವನ್ನು ಎರಡು ಪುಟದಲ್ಲಿ ಬರೆದುಕೊಡಿ ಎಂದು ಎಚ್‌ಒಡಿ ಹೇಳಿದ್ದಾರೆ. ಹಿಂದೆ ಯಾರೋ ಮಾಡಿಟ್ಟ ಪಿಪಿಟಿಯಲ್ಲಿ ಹೀಗಿದೆ: 'ಅಲನ್ ಟ್ಯೂರಿಂಗ್ 1947ರಲ್ಲಿ ಸ್ಥಾಪಿಸಿದ, ಜಗತ್ತಿನ ಮೊಟ್ಟಮೊದಲ ಕಂಪ್ಯೂಟರ್ ಸಂಘ. ಸಿಎಸ್‌ಐ (ಕಂಪ್ಯೂಟರ್ ಸೊಸೈಟಿ ಆಫ್ ಇಂಡಿಯಾ) ಇದರ ಭಾರತೀಯ ಶಾಖೆ. ಸದಸ್ಯರಿಗೆ ಅಂತರರಾಷ್ಟ್ರೀಯ ವೃತ್ತಿಪರ ಮಾನ್ಯತೆ ಸಿಗುತ್ತದೆ, ವೀಸಾಕ್ಕೂ ಉಪಯೋಗ.' ವಿದ್ಯುತ್ ಮತ್ತು ಇಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಸಂಘವಾದ ಐಇಇಇಯ ಕಂಪ್ಯೂಟರ್ ಸೊಸೈಟಿಯವರು ತಾವು 1946ರಿಂದಲೇ ಇದ್ದೇವೆ ಎನ್ನುತ್ತಾರೆ. ಯಾವುದು ನಿಜ? ಮಕ್ಕಳಿಂದ ದುಡ್ಡು ಕಟ್ಟಿಸಿ ಆಮೇಲೆ ಪೋಷಕರಿಂದ ಮಾತು ಕೇಳುವಂತಾಗಬಾರದು. ಎಸಿಎಂ, ಐಇಇಇ, ಸಿಎಸ್‌ಐ ಈ ಮೂರರಲ್ಲಿ ನಮಗೆ ಯಾವುದು ಸರಿ?

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆ. ಪುಟದಲ್ಲಿ ತಪ್ಪು ಅಚ್ಚಾಗಬಾರದು ಎಂಬುದು ಒಂದು, ವಿದ್ಯಾರ್ಥಿಗಳಿಗೆ ಇಲ್ಲದ ಆಸೆ ತೋರಿಸಬಾರದು ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಮೊದಲನೆಯದರಲ್ಲೇ ಇದೆ. ಎಸಿಎಂ ಯಾಕೆ ಯಾರಿಗೂ ಲೈಸೆನ್ಸ್, ಅಂದರೆ ವೃತ್ತಿ ಮಾಡಲು ಅಧಿಕೃತ ಪರವಾನಗಿ, ಕೊಡುವುದಿಲ್ಲ ಎಂಬುದು ಅದರ ಚರಿತ್ರೆ ಓದಿದರೆ ತಾನಾಗಿ ಗೊತ್ತಾಗುತ್ತದೆ. ಪಿಪಿಟಿಯ ಸಾಲುಗಳಲ್ಲಿ 1947 ಎಂಬ ಇಸವಿಯೊಂದು ಸರಿ. ಉಳಿದವುಗಳಲ್ಲಿ ಕೆಲವು ಪೂರಾ ತಪ್ಪು, ಕೆಲವು ಅರ್ಧ ಸತ್ಯ.

ಕಂಪ್ಯೂಟರ್ ಶಾಸ್ತ್ರಕ್ಕೆ ಬುನಾದಿ ಹಾಕಿದ ಬ್ರಿಟಿಷ್ ಗಣಿತಜ್ಞ ಟ್ಯೂರಿಂಗ್ ಎಸಿಎಂ ಸ್ಥಾಪಕರಲ್ಲ. ಆಗ ಅವರು ಇಂಗ್ಲೆಂಡಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ನೌಕರರು. ಈ ತಪ್ಪಿಗೆ ಮೂಲ ಬಹುಶಃ ಟ್ಯೂರಿಂಗ್ ಪ್ರಶಸ್ತಿ. ಅದನ್ನು ಎಸಿಎಂ ಶುರುಮಾಡಿದ್ದು 1966ರಲ್ಲಿ, ಅಂದರೆ ಟ್ಯೂರಿಂಗ್ ತೀರಿಕೊಂಡು 12 ವರ್ಷಗಳಾದ ಮೇಲೆ. ಮೊದಲು ಪಡೆದವರು ಅಲನ್ ಪರ್ಲಿಸ್. ಹೆಸರು 'ಅಲನ್' ಎಂದೇ ಇರುವುದರಿಂದ ಕ್ವಿಜ್ ಪುಸ್ತಕಗಳಲ್ಲಿ ಇವರಿಬ್ಬರೂ ಅದಲುಬದಲಾಗುವುದುಂಟು, ಅದನ್ನೂ ಒಮ್ಮೆ ನೋಡಿಕೊಳ್ಳಿ.

ಸಂಘ ಕಟ್ಟುವ ಮಾತು ಎದ್ದದ್ದು 1947ರ ಜನವರಿಯಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದ ದೊಡ್ಡ ಗಣಕಯಂತ್ರಗಳ ಕುರಿತ ವಿಚಾರ ಸಂಕಿರಣದಲ್ಲಿ. (ಟ್ಯೂರಿಂಗ್ ಆ ಸಭೆಗೆ ಬಂದಿದ್ದರು, ಚರ್ಚೆಯಲ್ಲಿ ಮಾತೂ ಆಡಿದರು. ಆದರೆ ಸಂಘದ ಪ್ರಸ್ತಾಪ ಅವರದಲ್ಲ.) ಈ ವಿಷಯದಲ್ಲಿ ಕೆಲಸ ಮಾಡುವವರಿಗೆ ಒಂದು ಸಂಘ ಬೇಕು ಎಂದು ಅಲ್ಲಿ ಹೇಳಿದವರು ಎಂಐಟಿಯ ಸ್ಯಾಮ್ಯುಯೆಲ್ ಕಾಲ್ಡ್‌ವೆಲ್. ಆ ಮಾತನ್ನು ಹಿಡಿದು ಓಡಾಡಿ, ಪತ್ರ ಬರೆದು, ಜನ ಕೂಡಿಸಿದವರು ಎಡ್ಮಂಡ್ ಬರ್ಕ್‌ಲಿ. ಬರ್ಕ್‌ಲಿ ಆಗ ಪ್ರಾಧ್ಯಾಪಕರೂ ಅಲ್ಲ, ಯಂತ್ರ ಕಟ್ಟಿದ ಎಂಜಿನಿಯರೂ ಅಲ್ಲ. ಪ್ರುಡೆನ್ಶಿಯಲ್ ವಿಮಾ ಕಂಪನಿಯ ನೌಕರರು. ಯುದ್ಧದ ಕಾಲದಲ್ಲಿ ನೌಕಾಪಡೆಯ ಕಡೆಯಿಂದ ಹಾರ್ವರ್ಡ್‌ನ ಗಣಕ ಪ್ರಯೋಗಾಲಯದಲ್ಲಿದ್ದು, ಈ ಯಂತ್ರಗಳು ವಿಮೆಯ ಲೆಕ್ಕಪತ್ರಕ್ಕೂ ಬರುತ್ತವೆ ಎಂದು ಕಂಡುಕೊಂಡವರು. ಕೊಂಡು ಬಳಸುವ ಕಡೆಯ ಮನುಷ್ಯನೊಬ್ಬ ಈ ಸಂಘದ ಬೇರಿನಲ್ಲಿದ್ದಾನೆ ಎಂಬುದು ನನ್ನ ಮಟ್ಟಿಗೆ ಈ ಚರಿತ್ರೆಯ ಅತ್ಯಂತ ಸ್ವಾರಸ್ಯದ ಸಂಗತಿ. ನಿಮ್ಮ ಎರಡು ಪುಟದಲ್ಲಿ ಅವರಿಗೆ ಒಂದು ಪ್ಯಾರಾವಾದರೂ ಸಲ್ಲಬೇಕು.

1947ರ ಸೆಪ್ಟೆಂಬರ್ 15ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸ್ಥಾಪನಾ ಸಭೆ ನಡೆಯಿತು. ಆಗಿನ ಹೆಸರು 'ಈಸ್ಟರ್ನ್ ಅಸೋಸಿಯೇಶನ್ ಫಾರ್ ಕಂಪ್ಯೂಟಿಂಗ್ ಮಶಿನರಿ'. ಅಮೆರಿಕದ ಪೂರ್ವ ಕರಾವಳಿಗಷ್ಟೇ ಸೀಮಿತವಾಗಬಾರದೆಂದು 1948ರ ಜನವರಿಯಲ್ಲಿ 'ಈಸ್ಟರ್ನ್' ಕೈಬಿಟ್ಟರು. ಮೊದಲ ಅಧ್ಯಕ್ಷರು ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನ ಜಾನ್ ಕರ್ಟಿಸ್, ಉಪಾಧ್ಯಕ್ಷರು ಎನಿಯಾಕ್ ಎಂಬ ಆರಂಭಕಾಲದ ಇಲೆಕ್ಟ್ರಾನಿಕ್ ಗಣಕ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಮಾಕ್ಲಿ, ಕಾರ್ಯದರ್ಶಿ ಬರ್ಕ್‌ಲಿ. ಎರಡನೇ ಸಭೆ 1947ರ ಡಿಸೆಂಬರಿನಲ್ಲೇ ಅಮೆರಿಕದ ಅಬರ್ಡೀನ್‌ನ ಸೇನಾ ಪ್ರಯೋಗಾಲಯದಲ್ಲಿ ನಡೆಯಿತು. ಎನಿಯಾಕ್ ಯಂತ್ರವನ್ನು ಆ ವರ್ಷವೇ ಅಲ್ಲಿಗೆ ಸಾಗಿಸಿದ್ದರು. ಸಂವಿಧಾನ ಅಂಗೀಕಾರವಾದದ್ದು 1949ರಲ್ಲಿ, ಡೆಲವೇರ್ ರಾಜ್ಯದಲ್ಲಿ ಕಾನೂನುಬದ್ಧವಾಗಿ ನೋಂದಣಿಯಾದದ್ದು 1954ರಲ್ಲಿ. ಹೀಗೆ ಸಭೆಗೊಂದು, ಹೆಸರಿಗೊಂದು, ಸಂವಿಧಾನಕ್ಕೊಂದು, ನೋಂದಣಿಗೊಂದು ಇಸವಿ ಸಿಗುತ್ತವೆ. ಬೇರೆ ಬೇರೆ ಕಡೆ ಬೇರೆ ಬೇರೆ ಇಸವಿ ಕಂಡರೆ ಗಾಬರಿಯಾಗಬೇಡಿ. ಯಾವ ಘಟನೆಯ ಇಸವಿ ಎಂದು ಜೊತೆಗೆ ಬರೆದರೆ ತಕರಾರು ಅಲ್ಲಿಗೇ ಮುಗಿಯುತ್ತದೆ.

'ಮೊಟ್ಟಮೊದಲ' ಎಂಬ ಜಗಳವೂ ಇದೇ ಬಗೆಯದು. ಐಇಇಇ ಕಂಪ್ಯೂಟರ್ ಸೊಸೈಟಿಯವರು ಹೇಳುವ 1946 ಸುಳ್ಳಲ್ಲ. ಆದರೆ ಆ ವರ್ಷ ಹುಟ್ಟಿದ್ದು ಸೊಸೈಟಿಯಲ್ಲ. ಎಐಇಇ ಎಂಬ ವಿದ್ಯುತ್ ಎಂಜಿನಿಯರುಗಳ ಹಳೆಯ ಸಂಘ ದೊಡ್ಡ ಗಣಕಗಳ ವಿಷಯಕ್ಕೆಂದು ಆ ವರ್ಷ ಒಂದು ಉಪಸಮಿತಿ ಮಾಡಿತು. ರೇಡಿಯೊ ಎಂಜಿನಿಯರುಗಳ ಸಂಘವಾದ ಐಆರ್‌ಇ 1951ರಲ್ಲಿ ತನ್ನದೇ ಕಂಪ್ಯೂಟರ್ ಗುಂಪು ಕಟ್ಟಿತು. 1963ರ ಜನವರಿ 1ರಂದು ಎಐಇಇ ಮತ್ತು ಐಆರ್‌ಇ ಒಂದಾಗಿ ಐಇಇಇ ಆದವು, ಎರಡರ ಕಂಪ್ಯೂಟರ್ ಗುಂಪುಗಳೂ ಸೇರಿಕೊಂಡವು. 'ಕಂಪ್ಯೂಟರ್ ಸೊಸೈಟಿ' ಎಂಬ ಹೆಸರು ಬಂದದ್ದು 1971ರಲ್ಲಿ. ಆದ್ದರಿಂದ ಉಪಸಮಿತಿಯಿಂದ ಎಣಿಸಿದರೆ ಅವರು ಹಿರಿಯರು. ಕಂಪ್ಯೂಟರಿಗೆಂದೇ ಕಟ್ಟಿದ ಸ್ವತಂತ್ರ ಸಂಘ ಎಂದು ಎಣಿಸಿದರೆ ಎಸಿಎಂ ಹಿರಿದು. 'ಕಂಪ್ಯೂಟಿಂಗ್ ಕ್ಷೇತ್ರದ ಅತ್ಯಂತ ಹಳೆಯ ಸಂಘಗಳಲ್ಲಿ ಒಂದು' ಎಂದು ಬರೆದುಬಿಡಿ, ಯಾವ ಪಾಳೆಯದವರೂ ತಕರಾರು ತೆಗೆಯಲಾರರು.

ಲೈಸೆನ್ಸ್ ವಿಷಯಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು. ಹುಟ್ಟಿದಾಗ ಎಸಿಎಂ ಎಲ್ಲರ ಸಂಘವಾಗಬೇಕಿತ್ತು: ಯಂತ್ರ ಕಟ್ಟುವವರು, ಗಣಿತದವರು, ವಿಮೆ ಮತ್ತು ಸರ್ಕಾರಿ ಕಚೇರಿಯ ಬಳಕೆದಾರರು, ಎಲ್ಲರೂ. ಆದರೆ ಹತ್ತು ವರ್ಷಗಳೊಳಗೆ ಜನ ಮೂರು ದಾರಿ ಹಿಡಿದರು. ಯಂತ್ರಾಂಶದ ಎಂಜಿನಿಯರುಗಳಿಗೆ ಐಆರ್‌ಇ ಮತ್ತು ಎಐಇಇ ಮನೆಯಿದ್ದ ಹಾಗೆ, ಪ್ರಬಂಧ ಪ್ರಕಟಿಸಲು ಅವರಿಗೆ ಅಲ್ಲಿಯೇ ಅನುಕೂಲ. 1950ರ ದಶಕದ ಮೊದಲರ್ಧದಲ್ಲೇ ಎಸಿಎಂ ಆ ಭಾಗವನ್ನು ಅವರಿಗೆ ಬಿಟ್ಟು ಗಣಿತ, ಪ್ರೋಗ್ರಾಮಿಂಗ್ ಕಡೆ ವಾಲಿತು. ಮೂರನೆಯ ಗುಂಪು ಪಂಚ್ ಕಾರ್ಡ್ (ತೂತು ಕೊರೆದು ಮಾಹಿತಿ ತುಂಬುವ ಕಾರ್ಡು) ವಿಭಾಗದ ಮ್ಯಾನೇಜರುಗಳದ್ದು, ಸಂಬಳದ ಪಟ್ಟಿ, ದಾಸ್ತಾನು, ಬಿಲ್ಲು ನೋಡಿಕೊಳ್ಳುತ್ತಿದ್ದವರು. ಇವರು 1951ರಲ್ಲಿ ಮಶಿನ್ ಅಕೌಂಟೆಂಟರ ರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಅದೇ 1962ರಲ್ಲಿ ಡೇಟಾ ಪ್ರೊಸೆಸಿಂಗ್ ಮ್ಯಾನೇಜ್‌ಮೆಂಟ್ ಅಸೋಸಿಯೇಶನ್, ಅಂದರೆ ಡಿಪಿಎಂಎ ಆಯಿತು.

ಡಿಪಿಎಂಎಗೆ ಬೇಕಿದ್ದದ್ದು ಮಾನ್ಯತೆ. ಲೆಕ್ಕಪರಿಶೋಧಕರಿಗೆ ಇರುವಂಥ ಒಂದು ಪ್ರಮಾಣಪತ್ರ ತಮಗೂ ಇದ್ದರೆ ಆಡಳಿತ ಮಂಡಳಿಯ ಎದುರು ತಲೆಯೆತ್ತಿ ನಿಲ್ಲಬಹುದು ಎಂದು 1962ರಲ್ಲಿ 'ಸರ್ಟಿಫಿಕೇಟ್ ಇನ್ ಡೇಟಾ ಪ್ರೊಸೆಸಿಂಗ್' ಪರೀಕ್ಷೆ ಶುರುಮಾಡಿದರು. ಎಸಿಎಂಗೆ ಬೇಕಿದ್ದದ್ದು ಬೇರೆ. ವಿಶ್ವವಿದ್ಯಾಲಯಗಳಲ್ಲಿ ಕಂಪ್ಯೂಟರ್ ಸೈನ್ಸ್ ಆಗಷ್ಟೇ ಗಣಿತ ವಿಭಾಗದಿಂದ ಬೇರ್ಪಡುತ್ತಿತ್ತು. ಇದೂ ಒಂದು ಶಾಸ್ತ್ರ ಎಂದು ಒಪ್ಪಿಸಲು ಜರ್ನಲ್ ಬೇಕು, ಪಠ್ಯಕ್ರಮ ಬೇಕು, ಪ್ರಶಸ್ತಿ ಬೇಕು. 1954ರಲ್ಲಿ ಬಂದ ಜರ್ನಲ್, 1958ರ 'ಕಮ್ಯುನಿಕೇಶನ್ಸ್' ಮಾಸಪತ್ರಿಕೆ, 1966ರ ಟ್ಯೂರಿಂಗ್ ಪ್ರಶಸ್ತಿ, 1968ರ ಪಠ್ಯಕ್ರಮ ಎಲ್ಲವನ್ನೂ ಈ ಹಿನ್ನೆಲೆಯಲ್ಲಿ ಓದಬೇಕು. ಬಿಡಿಬಿಡಿಯಾಗಿ 'ಸಾಧನೆಗಳು' ಎಂದು ಪಟ್ಟಿ ಮಾಡಿದರೆ ಇದರ ಹಿಂದಿನ ಉದ್ದೇಶ ಕಾಣುವುದಿಲ್ಲ. '68ರ ಪಠ್ಯಕ್ರಮ'ವನ್ನು ನೀವು ವಿಶೇಷವಾಗಿ ಹೆಸರಿಸಬಹುದು. ಆ ವರ್ಷದ ಮಾರ್ಚ್ 'ಕಮ್ಯುನಿಕೇಶನ್ಸ್' ಸಂಚಿಕೆಯಲ್ಲಿ ಅಚ್ಚಾದ ಅದರ ಸಂತತಿಯೇ ಮುಂದೆ ಐಇಇಇ ಕಂಪ್ಯೂಟರ್ ಸೊಸೈಟಿಯ ಜೊತೆಗೂಡಿ 1991, 2001, 2013ರಲ್ಲಿ ಬಂದ ಪಠ್ಯಕ್ರಮಗಳು. 2023ರದಕ್ಕೆ ಕೃತಕ ಬುದ್ಧಿಮತ್ತೆಯ ಸಂಘವಾದ ಎಎಎಐ ಕೂಡ ಸೇರಿತು. ಹೊರಗೆ ಹಾವು ಮುಂಗುಸಿಯಂತೆ ಕಾಣುವ ಎರಡು ಸಂಘಗಳು ಪಠ್ಯಕ್ರಮದ ಮಟ್ಟಿಗೆ ಮೂರು ದಶಕಗಳಿಂದ ಜೊತೆಯಲ್ಲೇ ಕೆಲಸ ಮಾಡುತ್ತಿವೆ.

ಹಾಗೆಂದು ಎಸಿಎಂ ವೃತ್ತಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ ಎಂದಲ್ಲ. 1966ರಲ್ಲಿ ವೃತ್ತಿ ನಡವಳಿಕೆಯ ಮಾರ್ಗಸೂಚಿ, 1972ರಲ್ಲಿ ಸಂಹಿತೆ, 1992 ಮತ್ತು 2018ರಲ್ಲಿ ಅದರ ಪರಿಷ್ಕರಣೆ ಬಂದವು. ಪ್ರಮಾಣಪತ್ರದ ಪರೀಕ್ಷೆ ನಡೆಸಲೆಂದೇ 1973ರಲ್ಲಿ ಹಲವು ಸಂಘಗಳು ಸೇರಿ ಕಟ್ಟಿದ ಐಸಿಸಿಪಿಯಲ್ಲೂ ಅದು ಪಾಲುದಾರವಾಗಿತ್ತು. ಆದರೆ ಸಂಹಿತೆ ಉಲ್ಲಂಘಿಸಿದವರಿಗೆ ಸಂಘ ಮಾಡಬಹುದಾದದ್ದು ಹೆಚ್ಚೆಂದರೆ ಸದಸ್ಯತ್ವ ರದ್ದು. ವಕೀಲರ ಸನ್ನದಿನ ಹಾಗೆ ಕೆಲಸವನ್ನೇ ನಿಲ್ಲಿಸುವ ಅಧಿಕಾರ ಅದಕ್ಕಿಲ್ಲ.

ನಿರ್ಣಾಯಕ ಘಟ್ಟ ಬಂದದ್ದು 1998ರಲ್ಲಿ. ಟೆಕ್ಸಾಸ್ ರಾಜ್ಯದ ಎಂಜಿನಿಯರಿಂಗ್ ಮಂಡಳಿ ಸಾಫ್ಟ್‌ವೇರ್ ಎಂಜಿನಿಯರಿಂಗನ್ನು ಲೈಸೆನ್ಸ್ ಕೊಡಬಹುದಾದ ಶಾಖೆ ಎಂದು ಗುರುತಿಸಿತು. ಐಇಇಇ ಕಂಪ್ಯೂಟರ್ ಸೊಸೈಟಿ ಆ ದಾರಿಗೆ ಒಲವು ತೋರಿತು, ಎಸಿಎಂ ವಿರೋಧಿಸಿತು. ಸಾಫ್ಟ್‌ವೇರಿನ ಜ್ಞಾನ ಇನ್ನೂ ಸೇತುವೆ ಕಟ್ಟುವವರ ಜ್ಞಾನದಷ್ಟು ನೆಲೆಗೊಂಡಿಲ್ಲ, ಈಗಲೇ ಲೈಸೆನ್ಸ್ ಕೊಟ್ಟರೆ ಜನರಿಗೆ ಸುಳ್ಳು ಭರವಸೆ ಕೊಟ್ಟಂತಾಗುತ್ತದೆ ಎಂಬುದು ಅದರ ವಾದ. 1999ರಲ್ಲಿ ಅದರ ಕೌನ್ಸಿಲ್ ಹೀಗೆ ನಿರ್ಣಯ ಮಾಡಿತು, 2000ದಲ್ಲಿ ಈ ವಿಷಯದ ಜಂಟಿ ಸಮಿತಿಯಿಂದಲೇ ಹೊರಬಂದಿತು. ಮುಂದೇನಾಯಿತು ನೋಡಿ: ಅಮೆರಿಕದಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಲೈಸೆನ್ಸ್ ಪರೀಕ್ಷೆ 2013ರಲ್ಲಿ ಆರಂಭವಾಗಿ, 2019ರ ಏಪ್ರಿಲಿನಲ್ಲಿ ಕೊನೆಯ ಬಾರಿ ನಡೆಯಿತು. ಮೊದಲ ಐದು ಬಾರಿಯ ಪರೀಕ್ಷೆಗೆ ಕೂತವರು ಒಟ್ಟು 81 ಮಂದಿ. ಎಸಿಎಂ ವಾದ ಸರಿಯೋ ತಪ್ಪೋ, ಉದ್ಯಮಕ್ಕಂತೂ ಆ ಲೈಸೆನ್ಸ್ ಬೇಕಿರಲಿಲ್ಲ.

ಇಷ್ಟಾದ ಮೇಲೂ 'ಮಾನ್ಯತೆ ಸಿಗುತ್ತದೆ' ಎಂಬ ನಂಬಿಕೆ ಎಲ್ಲಿಂದ ಬಂತು? ಬೇರೆ ದೇಶದ ಬೇರೆ ಸಂಘಗಳಿಂದ. ಬ್ರಿಟಿಷ್ ಕಂಪ್ಯೂಟರ್ ಸೊಸೈಟಿ 1957ರಲ್ಲಿ ಹುಟ್ಟಿತು, ಮೊದಲ ಅಧ್ಯಕ್ಷರು ಮಾರಿಸ್ ವಿಲ್ಕ್ಸ್. 1984ರಲ್ಲಿ ಅದಕ್ಕೆ ರಾಜಸನ್ನದು ಸಿಕ್ಕಿತು, ಅದರ ಬಲದಿಂದ ಅದು 'ಚಾರ್ಟರ್ಡ್' ಎಂಬ ವೃತ್ತಿಮಾನ್ಯತೆಯ ಪದವಿ ಕೊಡುತ್ತದೆ. ಅದಕ್ಕೂ ಬರೀ ಶುಲ್ಕ ಸಾಲದು, ಅರ್ಹತೆಯ ಪರಿಶೀಲನೆ ಇದೆ. ಇನ್ನೊಂದು ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ, 1966ರದು. ಆಸ್ಟ್ರೇಲಿಯಾಕ್ಕೆ ವಲಸೆ ಹೋಗುವ ಐಟಿಯವರ ಕೌಶಲವನ್ನು ಅಳೆಯುವುದು ಈ 'ಎಸಿಎಸ್'. ಬೆಂಗಳೂರಿನಿಂದ ಹೋದ ನೂರಾರು ಮಂದಿ 'ಎಸಿಎಸ್ ಅಸೆಸ್‌ಮೆಂಟ್ ಆಯ್ತಾ' ಎಂದು ಮಾತಾಡುವುದನ್ನು ನಿಮ್ಮ ವಿದ್ಯಾರ್ಥಿಗಳು ಅಣ್ಣ ಅಕ್ಕಂದಿರ ಬಾಯಲ್ಲಿ ಕೇಳಿರುತ್ತಾರೆ. ಕೊನೆಯ ಒಂದೇ ಅಕ್ಷರದ ವ್ಯತ್ಯಾಸವಾದ್ದರಿಂದ ಎಸಿಎಂ ಸೇರಿದರೆ ವೀಸಾ ಸುಲಭ ಎಂದು ತಿಳಿಯುವವರಿದ್ದಾರೆ. ಆ ಅಸೆಸ್‌ಮೆಂಟಿಗೂ ಎಸಿಎಂಗೂ ಸಂಬಂಧವಿಲ್ಲ.

ಅಮೆರಿಕದ ಕಡೆ ಇನ್ನೊಂದು ಗೊಂದಲ. ಅಸಾಧಾರಣ ಸಾಮರ್ಥ್ಯದವರಿಗೆ ಕೊಡುವ ಇಬಿ-1 ವಲಸೆ ವೀಸಾ ವರ್ಗದಲ್ಲಿ, ಅತ್ಯುನ್ನತ ಸಾಧನೆ ಇದ್ದವರನ್ನು ಮಾತ್ರ ಸೇರಿಸಿಕೊಳ್ಳುವ ಸಂಘದ ಸದಸ್ಯತ್ವವೂ ಒಂದು ಮಾನದಂಡ. ಶುಲ್ಕ ಕಟ್ಟಿ ಸೇರುವ ಎಸಿಎಂ ಅಥವಾ ಐಇಇಇ ಸಾಮಾನ್ಯ ಸದಸ್ಯತ್ವ ಈ ಲೆಕ್ಕಕ್ಕೆ ಬರುವುದಿಲ್ಲ. 1993ರಲ್ಲಿ ಎಸಿಎಂ ಶುರುಮಾಡಿದ 'ಫೆಲೋ' ಶ್ರೇಣಿಯ ಮಾತು ಬೇರೆ. ಅದು ಸದಸ್ಯರಲ್ಲಿ ಮೇಲಿನ ಶೇ 1ರಷ್ಟು ಜನರಿಗೆ ಸೀಮಿತ, ನಾಮನಿರ್ದೇಶನದಿಂದ ಬರುವಂಥದ್ದು. ನಡುವೆ 'ಸೀನಿಯರ್ ಮೆಂಬರ್' ಇದೆ: 10 ವರ್ಷ ವೃತ್ತಿಯ ಅನುಭವ, 5 ವರ್ಷ ವೃತ್ತಿಪರ ಸದಸ್ಯತ್ವ ಬೇಕು. ಎರಡನೇ ಸೆಮಿಸ್ಟರಿನ ಹುಡುಗನಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ ಎಂದು ಉದ್ಘಾಟನೆಯ ದಿನವೇ ಹೇಳಿಬಿಡಿ.

ಇನ್ನು ಸಿಎಸ್‌ಐ. ಕಂಪ್ಯೂಟರ್ ಸೊಸೈಟಿ ಆಫ್ ಇಂಡಿಯಾ ಎಸಿಎಂನ ಶಾಖೆ ಅಲ್ಲ, ಎಂದೂ ಆಗಿರಲಿಲ್ಲ. 1965ರಲ್ಲಿ ಇಲ್ಲಿಯ ಕಂಪ್ಯೂಟರ್ ಬಳಕೆದಾರರೇ ಕಟ್ಟಿಕೊಂಡ ಸ್ವತಂತ್ರ ಸಂಘ ಅದು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಟಿಫ್ರಾಕ್ ಯಂತ್ರ ಕಟ್ಟಿದ ತಂಡದ ನಾಯಕ ಆರ್. ನರಸಿಂಹನ್ ಮೊದಲ ಅಧ್ಯಕ್ಷರು. ಟಿಸಿಎಸ್‌ನ ಎಫ್.ಸಿ. ಕೊಹ್ಲಿ ಕೂಡ ಮುಂದೆ ಆ ಹುದ್ದೆಯಲ್ಲಿದ್ದರು. ಸಂಘಗಳ ಜಾಗತಿಕ ಒಕ್ಕೂಟ ಐಎಫ್‌ಐಪಿ, ಯುನೆಸ್ಕೊ 1959ರಲ್ಲಿ ಪ್ಯಾರಿಸ್‌ನಲ್ಲಿ ನಡೆಸಿದ ಸಮ್ಮೇಳನದ ಫಲವಾಗಿ 1960ರಲ್ಲಿ ಹುಟ್ಟಿದ್ದು. ಅದರಲ್ಲಿ ಭಾರತದ ಕುರ್ಚಿ ಸಿಎಸ್‌ಐಯದು.

ಎಸಿಎಂಗೂ ಭಾರತಕ್ಕೂ ಹಳೆಯ ನಂಟು ಬೇಕೆಂದರೆ ಕಾನ್ಪುರ ಐಐಟಿಯಲ್ಲಿ ಸಿಗುತ್ತದೆ. 1960ರಿಂದ 62ರವರೆಗೆ ಎಸಿಎಂ ಅಧ್ಯಕ್ಷರಾಗಿದ್ದ ಹ್ಯಾರಿ ಹಸ್ಕಿ, ಮರುವರ್ಷ ಕಾನ್ಪುರಕ್ಕೆ ಬಂದು ಐಬಿಎಂ 1620 ಯಂತ್ರದ ಸುತ್ತ ಗಣಕ ಕೇಂದ್ರ ಕಟ್ಟಲು ನೆರವಾದರು. (ಇದೇ ಹಸ್ಕಿ 1947ರಲ್ಲಿ ಟ್ಯೂರಿಂಗ್ ಇದ್ದ ಇಂಗ್ಲೆಂಡಿನ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದರು. ಟ್ಯೂರಿಂಗ್ ಹೆಸರು ಪುಟದಲ್ಲಿ ಇರಲೇಬೇಕು ಎಂದು ಎಚ್‌ಒಡಿ ಹಟ ಹಿಡಿದರೆ ಈ ದಾರಿಯಲ್ಲಿ ತನ್ನಿ.) ಅಲ್ಲಿ ಪಾಠ ಶುರುಮಾಡಿದವರಲ್ಲಿ ವಿ. ರಾಜಾರಾಮನ್ ಒಬ್ಬರು. ಅವರು 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ನಮ್ಮ ಕಾಲೇಜುಗಳಲ್ಲಿ ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತ ಒಂದು ತಲೆಮಾರಿಗೆ ಅವರ ಪಠ್ಯಪುಸ್ತಕವೇ ಗುರು. ಎಸಿಎಂ ಇಂಡಿಯಾ ಬೆಂಗಳೂರಿನಲ್ಲಿ ವಿಧ್ಯುಕ್ತವಾಗಿ ಆರಂಭವಾದದ್ದು 2010ರ ಜನವರಿಯಲ್ಲಿ.

ಈಗ ಆಯ್ಕೆಗೆ ಬರೋಣ. ಎಸಿಎಂ ವಿದ್ಯಾರ್ಥಿ ಘಟಕಗಳ ಪರಂಪರೆ 1961ರಲ್ಲಿ ಅಮೆರಿಕದ ಲೂಯಿಸಿಯಾನಾದಲ್ಲಿ ಶುರುವಾದದ್ದು. ಘಟಕಕ್ಕೆ ಎಸಿಎಂ ವೃತ್ತಿಪರ ಸದಸ್ಯರಾಗಿರುವ ಒಬ್ಬ ಅಧ್ಯಾಪಕರು ಪ್ರಾಯೋಜಕರಾಗಿ ಬೇಕು, ಪದಾಧಿಕಾರಿಗಳೂ ಸದಸ್ಯರಾಗಿರಬೇಕು. ಪ್ರೋಗ್ರಾಮಿಂಗ್, ಅಲ್ಗಾರಿದಮ್, ಸಂಶೋಧನಾ ಪ್ರಬಂಧದ ಕಡೆ ಒಲವಿದ್ದರೆ ಇದು ಹೊಂದುತ್ತದೆ. ಐಇಇಇಯಲ್ಲಿ ಮೆಟ್ಟಿಲು ಎರಡು: ಮೊದಲು ಕಾಲೇಜಿನಲ್ಲಿ ಕನಿಷ್ಠ 12 ವಿದ್ಯಾರ್ಥಿ ಸದಸ್ಯರ ಐಇಇಇ ಶಾಖೆ, ಅದರೊಳಗೆ ಕಂಪ್ಯೂಟರ್ ಸೊಸೈಟಿ ಸೇರಿದ ಕನಿಷ್ಠ 6 ಮಂದಿಯ ಘಟಕ. ಶುಲ್ಕವೂ ಎರಡು ಕಡೆಯದು. ಆದರೆ ನಿಮ್ಮ ಇಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಶಾಖೆ ಈಗಾಗಲೇ ಇದ್ದರೆ ಕೆಲಸ ಅರ್ಧ ಮುಗಿದಂತೆ, ಹಾರ್ಡ್‌ವೇರ್ ಪ್ರಾಜೆಕ್ಟ್ ಮಾಡುವವರಿಗೆ ಅದೇ ಅನುಕೂಲ. ಸಿಎಸ್‌ಐಗೆ ರೂಪಾಯಿಯಲ್ಲಿ ಕಟ್ಟಿ ಸ್ಥಳೀಯವಾಗಿ ವ್ಯವಹರಿಸಬಹುದು. ಅದರ ಪ್ರಯೋಜನ ನಿಮ್ಮ ಸಮೀಪದ ಘಟಕ ಎಷ್ಟು ಚುರುಕಾಗಿದೆ ಎಂಬುದರ ಮೇಲೆ ನಿಂತಿದೆ. ಹಣ ಕಟ್ಟುವ ಮೊದಲು ಹೋದ ವರ್ಷ ಅವರು ಏನೇನು ನಡೆಸಿದರು ಎಂದು ಕೇಳಿ.

ಒಂದು ಕಾಲದಲ್ಲಿ ಎಸಿಎಂ ಸೇರಲು ದೊಡ್ಡ ಆಕರ್ಷಣೆ ಡಿಜಿಟಲ್ ಲೈಬ್ರರಿ. 1997ರಿಂದ ಇರುವ ಈ ಭಂಡಾರದಲ್ಲಿ 1951ರಿಂದ 2000ದವರೆಗಿನ ಬರಹಗಳನ್ನು 2022ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. 2026ರ ಜನವರಿಯಿಂದ ಎಸಿಎಂ ಪ್ರಕಟಣೆಗಳೆಲ್ಲ ಮುಕ್ತ. ಆದ್ದರಿಂದ 'ಪ್ರಬಂಧ ಓದಲು ಸದಸ್ಯರಾಗಿ' ಎಂಬ ಹಳೆಯ ಕರಪತ್ರದ ಸಾಲನ್ನು ಅಳಿಸಿಹಾಕಿ. ಖರ್ಚು ಈಗ ಬರೆಯುವವರ ಕಡೆಗೆ ಸರಿದಿದೆ. ನಿಮ್ಮ ಅಧ್ಯಾಪಕರು ಎಸಿಎಂ ಸಮ್ಮೇಳನಕ್ಕೆ ಪ್ರಬಂಧ ಕಳಿಸುವ ಮುನ್ನ ಪ್ರಕಟಣಾ ಶುಲ್ಕ ಎಷ್ಟು, ಕಾಲೇಜಿಗೆ ಒಪ್ಪಂದವಿದೆಯೇ, ವಿನಾಯಿತಿ ಇದೆಯೇ ಎಂದು ವಿಚಾರಿಸಿಕೊಳ್ಳಲಿ.

ಘಟಕಗಳು ಸಾಯುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಪದಾಧಿಕಾರಿಗಳೆಲ್ಲ ಅಂತಿಮ ವರ್ಷದವರು. ಜೂನ್‌ನಲ್ಲಿ ಅವರು ಹೊರಟರೆ ಪಾಸ್‌ವರ್ಡ್, ಲೆಕ್ಕಪತ್ರ, ವಾರ್ಷಿಕ ವರದಿ ಎಲ್ಲವೂ ಅವರ ಜೊತೆ ಹೋಗುತ್ತವೆ. ಉಪಾಧ್ಯಕ್ಷ ಮತ್ತು ಖಜಾಂಚಿ ಮೂರನೇ ವರ್ಷದವರೇ ಇರಲಿ, ಘಟಕದ ಇಮೇಲ್ ವಿಭಾಗದ ಹೆಸರಿನಲ್ಲಿರಲಿ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡದ ಭೇಟಿಗೆ ಫೋಟೊ ಬೇಕೆಂಬ ಒಂದೇ ಕಾರಣಕ್ಕೆ ತೆರೆದ ಘಟಕ ಭೇಟಿ ಮುಗಿದ ಮರುವರ್ಷ ಮುಚ್ಚುತ್ತದೆ. ಇಡೀ ತರಗತಿಯಿಂದ ಕಡ್ಡಾಯವಾಗಿ ಶುಲ್ಕ ವಸೂಲಿ ಮಾಡಬೇಡಿ. ಪೋಷಕರ ತಕರಾರು ಹುಟ್ಟುವುದೇ ಅಲ್ಲಿ. ಪದಾಧಿಕಾರಿಗಳು ಮತ್ತು ಆಸಕ್ತರು ಮಾತ್ರ ಸದಸ್ಯರಾಗಲಿ, ಕಾರ್ಯಕ್ರಮಗಳಿಗೆ ಬಾಗಿಲು ಎಲ್ಲರಿಗೂ ತೆರೆದಿರಲಿ. ಶುಲ್ಕದ ಮೊತ್ತವನ್ನು ಕಟ್ಟುವ ದಿನವೇ ಸಂಸ್ಥೆಯ ಪುಟದಲ್ಲಿ ನೋಡಿ, ಡಾಲರ್ ದರ ಬದಲಾಗುತ್ತಿರುತ್ತದೆ.

ಬರೆಯುವ ಮೊದಲು ಮೂಲ ನೋಡಬೇಕೆಂದಿದ್ದರೆ, 'ಕಮ್ಯುನಿಕೇಶನ್ಸ್' ಪತ್ರಿಕೆಯ 1962ರ ಜೂನ್ ಸಂಚಿಕೆಯಲ್ಲಿ ಮಾಜಿ ಅಧ್ಯಕ್ಷ ಫ್ರಾಂಜ್ ಆಲ್ಟ್ ಮೊದಲ 15 ವರ್ಷಗಳ ಬಗ್ಗೆ ಬರೆದ ಲೇಖನ ಪುಕ್ಕಟೆ ಸಿಗುತ್ತದೆ. ಸ್ಥಾಪನೆಯ ಕಾಲದವರೇ ಬರೆದದ್ದಾದ್ದರಿಂದ ಅದು ಯಾವ ಪಿಪಿಟಿಗಿಂತಲೂ ವಾಸಿ. ಸಂಘದ ಹಳೆಯ ಕಡತಗಳೂ ಬರ್ಕ್‌ಲಿಯವರ ಕಾಗದಪತ್ರಗಳೂ ಮಿನೆಸೋಟ ವಿಶ್ವವಿದ್ಯಾಲಯದ ಚಾರ್ಲ್ಸ್ ಬ್ಯಾಬೇಜ್ ಇನ್‌ಸ್ಟಿಟ್ಯೂಟಿನಲ್ಲಿವೆ. ಎರಡು ಪುಟಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಜೀನ್ ಸ್ಯಾಮೆಟ್ ಅವರ ಹೆಸರು ಮಾತ್ರ ಬಿಡಬೇಡಿ. 1974ರಲ್ಲಿ ಎಸಿಎಂನ ಮೊದಲ ಮಹಿಳಾ ಅಧ್ಯಕ್ಷರಾದವರು. ನಿಮ್ಮ ತರಗತಿಯ ಹೆಣ್ಣುಮಕ್ಕಳಿಗೆ ಆ ಸಾಲು ಟ್ಯೂರಿಂಗ್ ಹೆಸರಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಮಕ್ಕಳಿಗೆ ಕೊಡುವ ಕಾರ್ಡಿನ ಮೇಲೆ 'ವಿದ್ಯಾರ್ಥಿ ಸದಸ್ಯ' ಎಂದಷ್ಟೇ ಇರಲಿ. 'ಸರ್ಟಿಫೈಡ್' ಎಂಬ ಪದವನ್ನು ಮುದ್ರಣಕ್ಕೆ ಕಳಿಸುವ ಮುನ್ನವೇ ಹೊಡೆದುಹಾಕಿ.